ಕಪ್ಪೆಗೆ ಇಟ್ಟ ಹೆಸರು

ವಿಲೆ ಪಾರ್ಲೆ, ಮುಂಬಯಿ,
೧೯ ಜುಲೈ ೨೦೨೪

ಪ್ರೀತಿಯ ಸಾಧನಾ,

ಆರಾಮ ಇದ್ದೀಯಾ? ನಿನ್ನ ಪತ್ರ ಬಂದು ತಿಂಗಳಾಯಿತು. ಪೇಪರ್ ತಿದ್ದುವುದಿತ್ತು ಎಂದು ನೆಪ ಹೇಳಬಹುದಿತ್ತು. ನಿಜವೆಂದರೆ ಏನು ಬರೆಯಲಿ ಎಂದು ತಿಳಿಯಲಿಲ್ಲ, ಕ್ಷಮಿಸು. ನೀನು ವಿಭಾಗದ ಮುಖ್ಯಸ್ಥೆಯಾದ ಸುದ್ದಿಯನ್ನು ಅವ್ವನಿಗೂ ಹೇಳಿದೆ. "ಆ ಬೆಂಗಳೂರ ಹುಡುಗಿ ಏನ? ಭಾಳ ಚಲೋ ಆತು. ಈಗ ಮನಿಗೆ ಯಾಕ ಬರೂದಿಲ್ಲ?" ಎಂದಳು. ಕೆಲಸ ಜಾಸ್ತಿ ಎಂದೆ.

ನಮ್ಮ ಗೈಡ್ ರಮಾನಾಥ ಸರ್ ಅವರ ಅಭಿನಂದನ ಗ್ರಂಥಕ್ಕೆ ಲೇಖನ ಕೇಳಿದ್ದೀಯ. ಅದೂ ಆ ಕಪ್ಪೆಯ ಬಗ್ಗೆ! ಹಾಗೆ ಕೇಳಲು ನಿನಗೆ ಮನಸ್ಸಾದರೂ ಹೇಗೆ ಬಂತೇ?

ಮಲಾಡಿನಲ್ಲಿ ಆ ಬಿಲ್ಡಿಂಗಿಗೆ ಪಾಯ ತೆಗೆದಾಗ ಗುಂಡಿಗೆ ಇಳಿದವರು ನಾವಿಬ್ಬರೇ. ಲಾವಾ ಕಲ್ಲಿನ ಎರಡು ಪದರಗಳ ನಡುವೆ ಯಾವುದೋ ಕಾಲದ ಕೆರೆಯ ಕೆಸರು ಕಲ್ಲಾಗಿ ಕೂತಿತ್ತು. ನಾನು ಅದನ್ನು ಹಾಳೆಯಂತೆ ಬಿಡಿಸಿದೆ. ಒಳಗೆ ಹೆಬ್ಬೆರಳಷ್ಟು ಉದ್ದದ ಕಪ್ಪೆಯ ಪಳೆಯುಳಿಕೆ. "ಶುಭಾ, ಇದು ಈಗ ಹಾರಿಬಿಡತ್ತೆ ಕಣೇ!" ಎಂದು ಕೂಗಿದವಳು ನೀನು. ಪಕ್ಕದಲ್ಲೇ ಇನ್ನೂ ಎಷ್ಟೋ ಇದ್ದವು. ಕೆಸರಿನಲ್ಲಿ ಒಂದು ಬಿರುಕೂ ಇಲ್ಲ, ಹಾಗಾಗಿ ಇವು ಕೆರೆ ಬತ್ತಿ ಸತ್ತವಲ್ಲ, ನೀರು ಕೆಟ್ಟು ಸತ್ತವು ಎಂದು ನಾನು ಹೇಳಿದಾಗ ಸರ್ ನಕ್ಕಿದ್ದರು. ವರ್ಷದೊಳಗೆ ಅದೇ ಮಾತು ಅವರ ಪ್ರಬಂಧವಾಗಿ ಬಂತು. ಕಪ್ಪೆಗೆ ಅವರ ತಾಯಿಯ ಹೆಸರು. ನನ್ನ ಹೆಸರು ಕೃತಜ್ಞತೆಯ ಸಾಲಿನಲ್ಲೂ ಇರಲಿಲ್ಲ.

ದೂರು ಕೊಟ್ಟೆ. ವಿಚಾರಣೆಗೆ ಹಾಜರಾಗಲಿಲ್ಲ. ಹೆದರಿದಳು ಎಂದು ವಿಭಾಗದಲ್ಲಿ ಆಡಿಕೊಂಡರು. ಪಿಎಚ್‌ಡಿ ಅಲ್ಲಿಗೇ ನಿಂತಿತು. ಈಗ ಜೂನಿಯರ್ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ.

ಕಳೆದ ವಾರ ವಿದ್ಯಾರ್ಥಿಗಳನ್ನು ಫೋರ್ಟಿನ ಒಂದು ಪ್ರದರ್ಶನಕ್ಕೆ ಕರೆದೊಯ್ದಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಕಲ್ಲು! ನಮ್ಮ ಕನ್ನಡದವರದೇ ಹುಡುಗಿ ಯಕ್ಷಿತಾ ಕೇಳಿದಳು, "ಮಿಸ್, ಇದು ಯಾರಿಗೆ... ಮತ್ಲಬ್, ಫಸ್ಟ್ ಯಾರಿಗೆ ಸಿಕ್ತು?"

"ನನಗೆ" ಎಂದುಬಿಟ್ಟೆ.

ಅವಳು ಕೆಳಗಿನ ಚೀಟಿ ಓದಿದಳು, ನನ್ನ ಮುಖ ನೋಡಿದಳು. ಆಮೇಲೆ ಗೆಳತಿಯ ಕಡೆ ತಿರುಗಿ, "ಮಿಸ್ ಮಜಾಕ್ ಕರ್ ರಹೀ ಹೈ" ಎಂದು ನಕ್ಕಳು. ತಮಾಷೆಯೇ ಎಂಬಂತೆ ನಾನೂ ನಕ್ಕೆ. ಇನ್ನೇನು ಮಾಡಲಿ?

ಲೇಖನ ಕೊಡುವುದಿಲ್ಲ, ಸಮಾರಂಭಕ್ಕೂ ಬರುವುದಿಲ್ಲ. ನಿನ್ನ ಮಗ ಆರ್ಯನಿಗೆ ನನ್ನ ಆಶೀರ್ವಾದ ತಿಳಿಸು. ಚೆನ್ನಾಗಿ ಓದಲಿ, ಅವನಿಗೆ ಒಳ್ಳೆಯ ಗೆಳೆಯರು ಸಿಗಲಿ.

ನಿನ್ನ,
ಶುಭಾಂಗಿ

ತಾ.ಕ.: "ಅವತ್ತು ನೀನು ವಿಚಾರಣೆಗೆ ಬಂದಿದ್ದರೆ ನಾನು ನಿನ್ನ ಪರ ಸಾಕ್ಷಿ ಹೇಳುತ್ತಿದ್ದೆ" ಎಂದು ಬರೆದಿದ್ದೀಯ. ನಾನು ಬಂದಿದ್ದೆ, ಸಾಧನಾ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. "ಅದು ಸರ್‌ಗೇ ಸಿಕ್ಕಿದ್ದು, ಶುಭಾಂಗಿ ಅಲ್ಲಿ ಇರಲೇ ಇಲ್ಲ" ಎಂದು ನೀನು ಒಳಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಹೆಸರು ಕರೆಯುವ ಮೊದಲೇ ಎದ್ದು ಹೋದೆ. ಹೊರಗೆ ಬಂದು ನನ್ನನ್ನು ನೋಡಿದರೆ ನಿನಗೆ ನಾಚಿಕೆಯಾದೀತು ಎಂದು.