ಕೊಂಡ ಕಾರ್ಡನ್ನು ಯಾವ ಕೋಣೆಯಲ್ಲಿಡಬೇಕು?

ಗ್ರಾಹಕರ ಹಿತ ಕಾಯುವ ಕಚೇರಿಯ ಮುಖ್ಯಾಧಿಕಾರಿಗಳೇ,

'ಮಾನ್ಯರೇ' ಎಂದು ಬರೆಯಲು ಕೈ ಬರಲಿಲ್ಲ. ಆ ಪದಕ್ಕೆ ತಕ್ಕ ಕೆಲಸ ನೀವು ಮಾಡಿದ ದಿನ ಬರೆಯುತ್ತೇನೆ. ದೂರು ಇಷ್ಟೇ. ನನ್ನ ತಂಗಿಯ ಮಗಳು ಅಂಗಡಿಯಲ್ಲಿ ದುಡ್ಡು ಕೊಟ್ಟು, ಕಂಪ್ಯೂಟರಿನೊಳಗೆ ಕೂರಿಸುವ ಗ್ರಾಫಿಕ್ಸ್ ಕಾರ್ಡುಗಳನ್ನು ಕೊಂಡಳು. ಅವನ್ನು ಅವಳು ಯಾವ ಕೋಣೆಯಲ್ಲಿ ಇಟ್ಟುಕೊಳ್ಳಬೇಕೆಂದು ಮಾರಿದ ಕಂಪನಿ ಅಪ್ಪಣೆ ಕೊಡಿಸುತ್ತಿದೆ, ನಿಮ್ಮ ಕಚೇರಿ ತಲೆಯಾಡಿಸುತ್ತಿದೆ. ನೋಡಿದರೆ ಹೇಸಿಗೆಯಾಗುತ್ತದೆ.

ನಾನು ಬೋರ್ಡು ಬರೆಯುವವನು. ಶಾಲೆ ಬೇಗ ಬಿಟ್ಟೆ, ಅಕ್ಷರ ಬಿಡಲಿಲ್ಲ. ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ; ಒಂದು ಜ್ವರ ಅವಳ ಎರಡೂ ಕಿವಿಗಳನ್ನು ಕೊಂಡೊಯ್ದು ಬಹಳ ಕಾಲವಾಯಿತು. ಗಿರಾಕಿ ಕತ್ತು ಇಳಿಸಿ ಎಂದರೆ ಇವಳು ತೋಳು ಇಳಿಸುವಳು. ಕಂಪ್ಯೂಟರ್ ಕಲಿತ ತಂಗಿಯ ಮಗಳು, ಎದುರಿಗಿದ್ದವರ ಮಾತು ಅಕ್ಷರವಾಗಿ ಮೂಡುವ ಪುಟ್ಟ ಪರದೆಯೊಂದನ್ನು ಅತ್ತೆಯ ಹೊಲಿಗೆ ಯಂತ್ರದ ಪಕ್ಕ ನಿಲ್ಲಿಸಿದಳು. ಮಾತನ್ನು ಅಕ್ಷರ ಮಾಡುವ ಕೆಲಸವೆಲ್ಲ ನಡೆಯುತ್ತಿದ್ದುದು ಈ ಕಾರ್ಡುಗಳಲ್ಲಿ. ಹುಡುಗರ ವಿಡಿಯೋ ಆಟಕ್ಕೆಂದು ಮಾರುವವು. ಮೊದಲ ದಿನ ನಾನು ಹೆಂಡತಿಯನ್ನು ರೂಢಿಯಂತೆ ಬೈದೆ. ಅವಳು ಓದಿಕೊಂಡು, "ಇಷ್ಟೇನಾ? ನಿಮ್ಮ ಮುಖ ನೋಡಿ ಇನ್ನೂ ದೊಡ್ಡದೇನೋ ಬೈತಿದ್ದೀರಿ ಅಂದ್ಕೊಂಡಿದ್ದೆ" ಅಂದಳು. ಅಂದಿನಿಂದ ನಮ್ಮ ಜಗಳ ಎರಡೂ ಕಡೆಯಿಂದ ನಡೆಯತೊಡಗಿತು. ಸಂಸಾರ ಅಂದರೆ ಅದು.

ಸುದ್ದಿ ಹರಡಿತು, ಕಿವಿ ಕೇಳದ ಬೇರೆಯವರೂ ಅಂಥ ಪರದೆ ಬೇಕೆಂದು ಬಂದರು. ಕಾರ್ಡುಗಳು ಹೆಚ್ಚಿ ಹುಡುಗಿಯ ಮಲಗುವ ಕೋಣೆ ಒಲೆಯಂತೆ ಕಾದಿತು. ಹಿಂದಿನ ಬೀದಿಯಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಏಸಿ ಹಾಕಿಸಿ, ಎಲ್ಲವನ್ನೂ ಕಬ್ಬಿಣದ ಚೌಕಟ್ಟಿನಲ್ಲಿ ಜೋಡಿಸಿದಳು. ಬಾಗಿಲು ನನ್ನ ಕಣ್ಣಿಗೆ ಬೋಳಾಗಿ ಕಂಡಿತು. ಕಂಪ್ಯೂಟರುಗಳನ್ನು ಸಾಲಾಗಿ ಕೂರಿಸುವ ದೊಡ್ಡ ಕಟ್ಟಡಗಳ ಹೆಸರನ್ನು ಪತ್ರಿಕೆಯಲ್ಲಿ ಓದಿದ್ದೆ. ನೀಲಿಯ ಮೇಲೆ ಹಳದಿಯಲ್ಲಿ, ಅಕ್ಷರಗಳಿಗೆ ನೆರಳು ಕೊಟ್ಟು, 'ಡೇಟಾ ಸೆಂಟರ್' ಎಂದು ಬರೆದೆ. ಪೆಟ್ಟಿಗೆ ಅಂಗಡಿಗೂ 'ಎಂಪೋರಿಯಂ' ಎಂದು ಬರೆಯುವುದು ನಮ್ಮ ಕಸುಬಿನ ಧರ್ಮ. ಕೆಟ್ಟ ಕಾರ್ಡೊಂದನ್ನು ನೋಡಲು ಬಂದ ಕಂಪನಿಯವನು ಒಳಗೆ ಕಾಲಿಡುವ ಮೊದಲೇ ಆ ಬೋರ್ಡಿನ ಫೋಟೋ ತೆಗೆದ.

ಆಮೇಲೆ ಕಂಪನಿಯ ನೋಟಿಸು ಬಂತು. ಕಾರ್ಡು ನಿಮ್ಮದೇ, ಅದನ್ನು ನಡೆಸುವ ಸಾಫ್ಟ್‌ವೇರ್ ನಮ್ಮದು. ಅದರ ಲೈಸೆನ್ಸಿನ ಪ್ರಕಾರ ಡೇಟಾ ಸೆಂಟರಿನಲ್ಲಿ ಬಳಸಕೂಡದು. ಅಲ್ಲಿಗೆ ಹಲವು ಪಟ್ಟು ಬೆಲೆಯ ಬೇರೆ ಕಾರ್ಡುಗಳಿವೆ, ಅವನ್ನು ಕೊಳ್ಳಿ ಎಂದಿತ್ತು. ಸಾಫ್ಟ್‌ವೇರ್ ಇಲ್ಲದ ಕಾರ್ಡು ಮೇಜಿನ ಮೇಲಿನ ಕಾಗದ ಹಾರದಂತೆ ಇಡುವುದಕ್ಕೆ ಲಾಯಕ್ಕು. ಹಸು ಮಾರಿ ಕೆಚ್ಚಲು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ!

ನಿಮ್ಮ ಕಚೇರಿಗೆ ಬಂದೆ. ಕಿಟಕಿಯ ಹಿಂದಿದ್ದವರು ತಲೆ ಎತ್ತದೆ, "ಸಾಫ್ಟ್‌ವೇರ್ ಹಾಕ್ಕೊಳ್ಳುವಾಗ ನೀವೇ ಒಪ್ಪಿಗೆ ಅಂತ ಒತ್ತಿದ್ದೀರಲ್ಲ ಯಜಮಾನ್ರೇ" ಅಂದರು. ದುಡ್ಡು ಎಣಿಸಿಕೊಂಡು, ಡಬ್ಬ ಒಡೆಸಿದ ಮೇಲೆ ಕೇಳುವುದು ಎಂಥ ಒಪ್ಪಿಗೆ? ಮದುವೆ ಮುಗಿಸಿ ಹುಡುಗಿಯನ್ನು ಇಷ್ಟವೇ ಎಂದು ಕೇಳುವ ಜನ ಇವರು. ಎಷ್ಟು ಯಂತ್ರ ಸೇರಿದರೆ ಡೇಟಾ ಸೆಂಟರ್ ಎಂದೆ. ಅದು ಲೈಸೆನ್ಸಿನಲ್ಲಿ ಬರೆದಿಲ್ಲವಂತೆ. ಮಲಗುವ ಕೋಣೆಯಲ್ಲಿ ತಪ್ಪಲ್ಲದ್ದು ಬೀದಿ ದಾಟಿದೊಡನೆ ತಪ್ಪಾಗುವುದಾದರೆ, ತಪ್ಪು ಇರುವುದು ಕಾರ್ಡಿನಲ್ಲೋ ಬೀದಿಯಲ್ಲೋ? ನನಗೆ ಕುಂಚ ಮಾರಿದವನು, ಇದರಲ್ಲಿ ನಿನ್ನ ಮನೆ ಗೇಟಿಗೆ ಬಣ್ಣ ಬಳಿ, ಬ್ಯಾಂಕಿನ ಬೋರ್ಡು ಬರೆದರೆ ಕುಂಚದ ಕೂದಲು ಉದುರಿಸುತ್ತೇನೆ ಎಂದಿರಲಿಲ್ಲ. ಎಂದಿದ್ದರೆ ಅದೇ ಕುಂಚದಲ್ಲಿ ಅವನ ಮುಖಕ್ಕೆ ಬಳಿದು ಬರುತ್ತಿದ್ದೆ.

ಬೋರ್ಡು ಅಳಿಸಿ 'ಉಗ್ರಾಣ' ಎಂದು ಬರೆದುಬಿಡುತ್ತೇನೆ ಎಂದು ಹುಡುಗಿಗೆ ಹೇಳಿದೆ. "ಬೇಡ ಮಾವ. ಕದ್ದಿದ್ರೆ ತಾನೇ ಬಚ್ಚಿಡೋದು" ಅಂದಳು. ವಕೀಲರ ಮಾತಿನಂತೆ, ತೀರ್ಮಾನವಾಗುವವರೆಗೆ ಯಂತ್ರಗಳನ್ನೆಲ್ಲ ನಿಲ್ಲಿಸಿದ್ದಾಳೆ. ಬೋರ್ಡು ಮಾತ್ರ ಹಾಗೇ ಇದೆ.

ಕೊಂಡ ವಸ್ತುವನ್ನು ಎಲ್ಲಿಡಬೇಕೆಂದು ಹೇಳುವ ಆ ಷರತ್ತು ನಡೆಯದು ಎಂದು ಆದೇಶ ಹೊರಡಿಸಿ. ಆಗದಿದ್ದರೆ, ಆಗುವುದಿಲ್ಲ ಎಂಬುದನ್ನು ನೀವೇ ಬಂದು ನನ್ನ ಹೆಂಡತಿಗೆ ತಿಳಿಯುವಂತೆ ಹೇಳಿ. ಪರದೆ ಕಪ್ಪಾಗಿದೆ. ಆದರೂ ಬೆಳಿಗ್ಗೆ ಅದರ ದೂಳು ಒರೆಸಿ ನನ್ನ ಕಡೆಗೆ ತಿರುಗಿಸಿ ಇಡುತ್ತಾಳೆ. ನಾನು ಬಾಯಿ ತೆರೆದರೆ ಒಮ್ಮೆ ಅದನ್ನು ನೋಡಿ, ಆಮೇಲೆ ನನ್ನ ಮುಖ ನೋಡುತ್ತಾಳೆ. ಆ ಮುಖ ನಿಮಗೆ ಗೊತ್ತಿಲ್ಲ. ಊಟ ಮಾಡಿದೆಯಾ ಎಂದು ಕೇಳಿದರೂ ಬೈದಂತೆಯೇ ಕಾಣುವ ಮುಖ.

ಇಂತಿ,
ಆ ಬಾಗಿಲಿಗೆ ನೆರಳು ಸಮೇತ ಬೋರ್ಡು ಬರೆದುಕೊಟ್ಟ ಮಹಾನುಭಾವ