ಹಿಂದಿನ ಸೀಟು ಈಗ ಪಡಸಾಲೆಯಲ್ಲಿದೆ

ಜಾಲಹಳ್ಳಿ
14 ನವೆಂಬರ್ 2011, ಸೋಮವಾರ

ರಕ್ಷಿತಾಳ ಅಪ್ಪನವರಿಗೆ ಮಹಾಂತಮ್ಮ ಮಾಡುವ ಶರಣು.

ನಾವಿಬ್ಬರೂ ಆರಾಮಾಗಿದ್ದೇವೆ. ಕೈಕಾಲು ನೆಟ್ಟಗಿವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ಹೋದ ಹಾಗೆ ನಿಮಗೆ ಆ ಅನುಮಾನ ಬರುತ್ತದೆ. ಕಾರೂ ಆರಾಮಾಗಿದೆ. ಎಡಗಡೆ ಬಾಗಿಲಿಗೆ ಒಂದು ಗೀರು ಬಿದ್ದಿದೆ. ಅದು ಪಕ್ಕದ ಮನೆಯವರ ಸೈಕಲ್ಲಿನದು, ಈ ಪತ್ರದಲ್ಲಿ ಬರುವ ಯಾವ ಸಂಗತಿಗೂ ಅದಕ್ಕೂ ಸಂಬಂಧವಿಲ್ಲ.

ಫೋನು ಮಾಡಬಹುದಿತ್ತು. ಆದರೆ ಯುಗಾದಿಗೆ ಸಿಟ್ಟು ಮಾಡಿಕೊಂಡು ತೋರಣಗಲ್ಲಿನ ಕೆಲಸಕ್ಕೆ ಹೋದಾಗಿನಿಂದ ನೀವು ಫೋನಿನಲ್ಲಿ ಗ್ಯಾಸ್ ಬಂತಾ, ಕರೆಂಟ್ ಬಿಲ್ ಕಟ್ಟಿದೆಯಾ ಎಂದಷ್ಟೇ ಕೇಳಿ ಇಟ್ಟುಬಿಡುತ್ತೀರಿ. ಮಗಳ ಹೆಸರು ಎತ್ತುವುದಿಲ್ಲ. ಹೋದ ಗುರುವಾರ ಮಾತ್ರ ಉದ್ದ ಮಾತಾಡಿದಿರಿ. ಪಕ್ಕದ ಮನೆ ನರಸಿಂಹಯ್ಯನವರು ಎಲ್ಲ ತಿಳಿಸಿದ್ದಾರೆ, ಮುಂದಿನ ಭಾನುವಾರವಲ್ಲ ಅದರ ಆಚೆ ಭಾನುವಾರ ಬಂದು ಕಾರನ್ನು ತೋರಣಗಲ್ಲಿಗೆ ಒಯ್ಯುತ್ತೇನೆ, ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟಕೂಡದು ಎಂದಿರಿ. ನಾನು ಹೂಂ ಎಂದೆ. ಆ ಹೂಂ ಬರೀ ಬಾಯಿಮಾತಿನದು. ನಿನ್ನೆ ಮುಟ್ಟಿದೆವು. ಮುಟ್ಟಿದ್ದಲ್ಲದೆ ಗೆದ್ದೆವು.

ನಿಮ್ಮ ಮಗಳು ಹೆಂಗಸರ ವಿಭಾಗದಲ್ಲಿ ಮೊದಲನೆಯವಳು. ಗಂಡಸರನ್ನೂ ಸೇರಿಸಿ ಲೆಕ್ಕ ಹಾಕಿದರೆ ಸಣ್ಣ ಕಾರುಗಳಲ್ಲಿ ನಾಲ್ಕನೆಯವಳು. ಇನ್ನೂ ಮೂರು ಪಂದ್ಯಗಳಿವೆ, ಮಾರ್ಚಿಗೆ ಮುಗಿಯುತ್ತವೆ. ಅಲ್ಲಿಯವರೆಗೆ ಕಾರನ್ನು ಅವಳ ಹತ್ತಿರ ಬಿಡಿ. ಇದೊಂದನ್ನು ಕೇಳುವುದಕ್ಕೇ ಈ ಪತ್ರ. ಏಳನೇ ಇಯತ್ತೆಗೆ ಬಿಟ್ಟು, ಮತ್ತೆ ಹತ್ತನೆಯದಕ್ಕೆ ಕಟ್ಟಿ, ಗಣಿತದಲ್ಲಿ ಹೋಗಿ, ಅಲ್ಲಿಗೇ ನಿಂತವಳು ನಾನು. ಬರವಣಿಗೆ ಹಿಂದುಮುಂದಾದರೆ ಹೊಂದಿಸಿಕೊಂಡು ಓದಿ.

ನರಸಿಂಹಯ್ಯನವರು ನಿಮಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ನಮ್ಮ ಹತ್ತಿರ ಹೇಳಿದ್ದು ಇಷ್ಟು: “ಏನಮ್ಮಾ ಇದು, ನಿಮ್ಮ ಮನೆಯೋರು ಬಿಟ್ಟು ಹೋಗಿದ್ದು ಕಾರು. ಈಗ ಟ್ರ್ಯಾಕ್ಟರ್ ಥರ ಕೂಗ್ತಾ ಇದೆಯಲ್ಲ.” ಸೈಲೆನ್ಸರ್ ಬದಲಾಯಿಸಿದ್ದರಿಂದ ಸದ್ದು ಸ್ವಲ್ಪ ಹೆಚ್ಚಾಗಿರುವುದು ನಿಜ. ಅವರು ಈ ದೂರನ್ನು ಹೇಳಿದ್ದು ನಮ್ಮ ಪಡಸಾಲೆಯಲ್ಲಿ, ಕಾರಿನ ಹಿಂದಿನ ಸೀಟಿನ ಮೇಲೆ ಕೂತು. ಸೀಟು ಬಿಚ್ಚಿ ಅಲ್ಲಿ ಇಟ್ಟಿದ್ದೇವೆ. ಬೆನ್ನಿಗೆ ಬಹಳ ಹಿತವಾಗಿದೆಯಂತೆ. ಈಗ ದಿನಾ ಸಂಜೆ ದೂರು ಹೇಳುವುದಕ್ಕೆ ಬಂದು ಚಹಾ ಕುಡಿದು ಹೋಗುತ್ತಾರೆ.

ಹೌದು, ಹಿಂದಿನ ಸೀಟು ಬಿಚ್ಚಿದೆವು. ನೀವು ಹನ್ನೊಂದು ವರ್ಷ ತೆಗೆಯಗೊಡದ ಆ ಪ್ಲಾಸ್ಟಿಕ್ ಹೊದಿಕೆಯ ಸಮೇತ ಬಿಚ್ಚಿದೆವು. ಕೆಳಗಿನ ಜಮಖಾನೆಯಂಥದ್ದು, ಸ್ಟೆಪ್ನಿ, ಜಾಕಿ, ಎಸಿ, ಎಲ್ಲ ಹೊರಗೆ ಬಂದವು. ಕಾರು ಹಗುರಾಗಬೇಕಂತೆ. ಸ್ಟೆಪ್ನಿ ಇಲ್ಲದೆ ಪಂಕ್ಚರ್ ಆದರೆ? ಎಸಿ ಇಲ್ಲದೆ ಹುಡುಗಿಗೆ ತಲೆಸುತ್ತು ಬಂದರೆ? ಪೀಣ್ಯ ಎರಡನೇ ಹಂತದಲ್ಲಿ ಗ್ಯಾರೇಜು ಇಟ್ಟಿರುವ ಮಲಕಪ್ಪ ಅಂತ, ಬಾಗಲಕೋಟೆ ಕಡೆಯವನು, ಅವನ ಹತ್ತಿರವೇ ಕೆಲಸ ಮಾಡಿಸಿದ್ದು. ರಕ್ಷಿತಾ ಕಾರ್ಖಾನೆಯಲ್ಲಿ ಗೇರುಗಳ ಹಲ್ಲು ಅಳೆಯುವ ಪಾಳಿ ಮುಗಿಸಿ ನೇರ ಅಲ್ಲಿಗೆ ಹೋಗಿ, ಚೂಡಿದಾರದ ಮೇಲೆ ನಿಮ್ಮ ಹಳೇ ಖಾಕಿ ಶರ್ಟು ಹಾಕಿಕೊಂಡು ತಾನೇ ಕಾರಿನ ಕೆಳಗೆ ತೂರುತ್ತಿದ್ದಳು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಜಾಕಿ ಜಾರಿದರೆ, ಜಾಕಿ ಜಾರಿದರೆ ಎನ್ನುತ್ತಿದ್ದೆ. ಮಲಕಪ್ಪ ಬೇಸತ್ತು ಕೊನೆಗೆ ಜಾಕಿಯ ಪಕ್ಕ ಎರಡು ಮರದ ದಿಮ್ಮಿ ಇಟ್ಟ. ಈಗ ಅವನ ಗ್ಯಾರೇಜಿನಲ್ಲಿ ಎಲ್ಲ ಕಾರಿಗೂ ದಿಮ್ಮಿ ಇಡುತ್ತಾನೆ.

ಸ್ಪ್ರಿಂಗು ಗಿಡ್ಡ ಮಾಡಿ ಗಟ್ಟಿಯದು ಹಾಕಿದರು. ಈಗ ರಸ್ತೆಯ ಮೇಲೆ ಕಡ್ಡಿ ಬಿದ್ದಿದ್ದರೂ ಸೊಂಟಕ್ಕೆ ಗೊತ್ತಾಗುತ್ತದೆ. ಕ್ಲಚ್ಚೂ ಗಟ್ಟಿ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಎಡಗಾಲು ಹಿಡಿದುಕೊಂಡುಬಿಡುತ್ತದೆ ಎಂದು ರಕ್ಷಿತಾ ಹೇಳುತ್ತಾಳೆ.

ಸ್ವಲ್ಪ ತಡೆಯಿರಿ, ಹಾಲಿಟ್ಟಿದ್ದೆ.

ಉಕ್ಕಿರಲಿಲ್ಲ. ಈ ಆಟದ ಹೆಸರು ಆಟೋಕ್ರಾಸ್. ನೀವು ಅಂದುಕೊಂಡಿರುವ ಹಾಗೆ ರಸ್ತೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಓಡಿಸುವುದಲ್ಲ. ಬಯಲಿನಲ್ಲಿ ಪ್ಲಾಸ್ಟಿಕ್ಕಿನ ಚೂಪು ಟೋಪಿಯಂಥ ಕೋನುಗಳನ್ನು ನಿಲ್ಲಿಸಿ ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಸುತ್ತಿ ಬಳಸಿ ಬೇಗ ಬಂದವರು ಗೆದ್ದರು. ಕೋನು ಬೀಳಿಸಿದರೆ ತಪ್ಪಿಗೆಂದು ಒಂದಿಷ್ಟು ಸೆಕೆಂಡು ಸೇರಿಸುತ್ತಾರೆ. ಎಲ್ಲಕ್ಕಿಂತ ಕಷ್ಟದ ಜಾಗವೆಂದರೆ ಒಂದು ಡ್ರಮ್ಮು. ಅದರ ಹತ್ತಿರ ರಭಸವಾಗಿ ಹೋಗಿ, ಅದನ್ನು ಸುತ್ತಿ, ಬಂದ ದಾರಿಗೇ ತಿರುಗಬೇಕು. ನಮ್ಮ ಹುಡುಗಿ ಉಳಿದದ್ದೆಲ್ಲ ನೀರು ಕುಡಿದ ಹಾಗೆ ಮಾಡುತ್ತಿದ್ದಳು. ಆ ಡ್ರಮ್ಮಿನ ಹತ್ತಿರ ಮಾತ್ರ ಊರೆಲ್ಲ ಸುತ್ತಿ ಬರುತ್ತಿದ್ದಳು. ಅದೊಂದು ಸರಿಹೋಗದೆ ಗೆಲ್ಲುವ ಮಾತೇ ಇರಲಿಲ್ಲ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ.

ದಸರೆ ಕಳೆದ ಮೇಲೆ ಒಂದು ಭಾನುವಾರ ಅವಳು ನೆಲಮಂಗಲದ ಕಡೆ, ಇನ್ನೂ ಮನೆ ಏಳದ ಒಂದು ಲೇಔಟಿನಲ್ಲಿ ಅಭ್ಯಾಸಕ್ಕೆ ಹೊರಟಳು. ನಾನೂ ಬರುತ್ತೇನೆ ಎಂದೆ. ಮನೆಯಲ್ಲಿ ಕೂತು ಫೋನು ನೋಡುತ್ತಾ ಇರುವುದಕ್ಕಿಂತ ಏನಾದರೂ ಆಗುವುದಿದ್ದರೆ ಇಬ್ಬರಿಗೂ ಆಗಲಿ ಎಂದು. ರೂಢಿಯ ಮೇಲೆ ಹಿಂದಿನ ಬಾಗಿಲು ತೆಗೆದರೆ ಕೂರುವುದಕ್ಕೆ ಸೀಟೇ ಇಲ್ಲ. ಬರೀ ತಗಡು. ಹಾಗಾಗಿ ಮುಂದೆ ಕೂತೆ.

ಓಡಿಸುವವರ ಪಕ್ಕ ನಾನು ಕೂರುವುದನ್ನು ಬಿಟ್ಟು ಎಷ್ಟು ಕಾಲವಾಯಿತು ಎಂಬುದು ನಿಮಗೆ ನೆನಪಿರಬೇಕು. ಕಾರು ತಂದ ವರ್ಷ ಕೊಟ್ಟೂರಿಗೆ ಹೋಗುವಾಗ ಎಮ್ಮೆ ಅಡ್ಡ ಬಂತೆಂದು ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಗಿರ್ರನೆ ತಿರುಗಿ, ಹೊರಟ ಊರಿನ ಕಡೆಗೇ ಮುಖ ಮಾಡಿ ಸೂರ್ಯಕಾಂತಿ ಹೊಲದ ಅಂಚಿಗೆ ನಿಂತಿತು. ಎಮ್ಮೆಗೂ ಏನೂ ಆಗಲಿಲ್ಲ, ನಮಗೂ ಏನೂ ಆಗಲಿಲ್ಲ. ಆದರೂ ನೀವು, ನಿನ್ನ ಕೈ ನನ್ನ ಗಾಡಿಯೊಳಗೆ ಮುಂದೆ ಬರಬಾರದು ಎಂದಿರಿ. ಅಂದಿನಿಂದ ಮದುವೆಗೆ, ಮುಂಜಿಗೆ, ಆಸ್ಪತ್ರೆಗೆ, ಎಲ್ಲದಕ್ಕೂ ನಾನು ಹಿಂದಿನ ಸೀಟು. ಮುಂದೆ ನಿಮ್ಮ ಬ್ಯಾಗು.

ಆ ಲೇಔಟಿನಲ್ಲಿ ರಕ್ಷಿತಾ ಒಂದು ಹಳೇ ಡಾಂಬರು ಡ್ರಮ್ಮು ನಿಲ್ಲಿಸಿ ಅದರ ಕಡೆ ಕಾರು ಬಿಟ್ಟಳು. ಡ್ರಮ್ಮು ನನ್ನ ಮೇಲೇ ಬರುತ್ತಿರುವ ಹಾಗೆ ಕಂಡಿತು. ನಾನು ಅಯ್ಯೋ ಶಿವನೇ ಎಂದು ಕೂಗಿದೆ. ಕೈ ತಾನಾಗಿ ಹ್ಯಾಂಡ್‌ಬ್ರೇಕಿಗೆ ಹೋಯಿತು. ಎಳೆದೆ.

ಕಾರಿನ ಹಿಂಭಾಗ ಸುಂಯ್ ಎಂದು ತಿರುಗಿತು. ಕಣದಲ್ಲಿ ಮೇಟಿ ಸುತ್ತುವ ಎತ್ತಿನ ಹಾಗೆ ಡ್ರಮ್ಮಿನ ಮಗ್ಗುಲಲ್ಲೇ ಸುತ್ತಿ, ಬಂದ ದಾರಿಗೆ ನೆಟ್ಟಗೆ ನಿಂತಿತು. ಧೂಳು ಇಳಿಯುತ್ತಿತ್ತು. ಈಗ ಇವಳೂ ನನ್ನನ್ನು ಇಳಿಸುತ್ತಾಳೆ, ಲೇಔಟಿನಿಂದ ಬಸ್ಸು ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅವಳು ಹೆಲ್ಮೆಟ್ ತೆಗೆದು ನನ್ನನ್ನೇ ನೋಡಿದಳು.

“ಅವ್ವಾ,” ಎಂದಳು. “ಇನ್ನೊಂದ್ಸಲ ಎಳಿ.”

ಅದೇ ಆ ತಿರುವಿನ ಗುಟ್ಟಂತೆ. ಅವಳಿಗೂ ಎಳೆಯಬೇಕೆಂಬುದು ಗೊತ್ತಿತ್ತು, ಯಾವಾಗ ಎಂಬುದು ಗೊತ್ತಿರಲಿಲ್ಲ. ಅವಳು ಧೈರ್ಯದವಳು, ನಿಮ್ಮ ಹಾಗೆ. ಡ್ರಮ್ಮು ತೀರಾ ಹತ್ತಿರ ಬಂದರೂ ಎದೆ ಝಲ್ಲೆನ್ನುವುದಿಲ್ಲ, ಹಾಗಾಗಿ ತಡವಾಗುತ್ತಿತ್ತು. ನನಗೆ ಸರಿಯಾದ ಜಾಗದಲ್ಲೇ ಝಲ್ಲೆನ್ನುತ್ತದೆ. ಪ್ರತಿ ಸಲವೂ ಅಲ್ಲೇ. ಅವತ್ತು ಮಧ್ಯಾಹ್ನದವರೆಗೆ ನಾನು ಹೆದರಿದೆ, ಎಳೆದೆ, ಅವಳು ತಿರುಗಿಸಿದಳು. ಬುತ್ತಿ ತಿನ್ನುವುದನ್ನೂ ಮರೆತೆವು. ಮಲಕಪ್ಪನಿಗೆ ತಿಳಿಸಿದರೆ ಅವನು ನಗಲಿಲ್ಲ. ಹ್ಯಾಂಡ್‌ಬ್ರೇಕಿನ ತಂತಿ ಬಿಗಿ ಮಾಡಿ, ಎಳೆದರೆ ಕಚ್ಚಿಕೊಂಡು ನಿಲ್ಲದ ಹಾಗೆ, ಬಿಟ್ಟ ಕೂಡಲೇ ಬಿಡುವ ಹಾಗೆ ಮಾಡಿಕೊಟ್ಟ. “ಅಕ್ಕಾರ, ಬ್ರೇಕ್ ನಾ ರಿಪೇರಿ ಮಾಡ್ತೀನ್ರೀ,” ಎಂದ. “ಆದ್ರ ನಿಮ್ಮ ಅಂಜಿಕಿ ಮಾತ್ರ ರಿಪೇರಿ ಮಾಡಿಸ್ಕೋಬ್ಯಾಡ್ರೀ.”

ನಿನ್ನೆಯ ಪಂದ್ಯ ವೈಟ್‌ಫೀಲ್ಡಿನ ಆಚೆ ಒಂದು ಬಯಲಿನಲ್ಲಿ. ಓಡಿಸುವ ಮೊದಲು ಒಬ್ಬ ಅಧಿಕಾರಿ ಕಾರು ತಪಾಸಣೆ ಮಾಡುತ್ತಾರೆ. ಬ್ಯಾಟರಿ ಅಲುಗಾಡುತ್ತದೆಯೇ, ಬೆಲ್ಟು ಸರಿಯಿದೆಯೇ, ಒಳಗೆ ಬಿಡಿ ಸಾಮಾನು ಇದೆಯೇ ಎಂದು. ಎಷ್ಟೋ ಕಾರುಗಳಲ್ಲಿ ನೀರಿನ ಬಾಟಲಿ, ಚಪ್ಪಲಿ ಸಿಕ್ಕವು. ನಮ್ಮದರಲ್ಲಿ ಏನೂ ಸಿಗಲಿಲ್ಲ. ಅವರು ಏನೇನು ಹುಡುಕಬಹುದೋ ಅದಕ್ಕೆಲ್ಲ ನಾನು ವಾರದಿಂದ ಹೆದರಿ ಮುಗಿಸಿದ್ದೆ. ಡ್ಯಾಶ್‌ಬೋರ್ಡಿನ ಮೇಲೆ ನೀವು ಅಂಟಿಸಿದ್ದ ಬಸವಣ್ಣನನ್ನೂ ಬಿಡಿಸಿ ನನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ.

ಆದರೆ ಓಡಿಸುವಾಗ ಪಕ್ಕದಲ್ಲಿ ಯಾರೂ ಕೂರುವ ಹಾಗಿಲ್ಲ. ಇದು ನನಗೆ ಅಲ್ಲಿ ಹೋದ ಮೇಲೆಯೇ ತಿಳಿದದ್ದು. ಹೇಳಿದರೆ ನಾನು ನಿದ್ದೆ ಬಿಡುತ್ತೇನೆ ಎಂದು ರಕ್ಷಿತಾ ಹೇಳಿರಲಿಲ್ಲ. ಇಬ್ಬರಿಗೂ ಸೇರಿ ಒಂದೇ ಅಂಜಿಕೆ ಇರುವಾಗ, ಅದನ್ನು ನೋಡುವವರಿಗೆಂದು ಅಡ್ಡ ಕಟ್ಟಿದ ಹಗ್ಗದ ಈಚೆ ಬಿಟ್ಟು ಅವಳೊಬ್ಬಳೇ ಹೋಗುವುದು ಹೇಗೆ?

ಎರಡು ಸಲ ಓಡಿಸುವುದಕ್ಕೆ ಬಿಡುತ್ತಾರೆ, ಒಳ್ಳೆಯದನ್ನು ಹಿಡಿಯುತ್ತಾರೆ. ಮೊದಲ ಸಲ ಅವಳು ಗಾಬರಿಯಾಗಿ ಬೇಗನೇ ಎಳೆದಳು. ಕಾರು ಡ್ರಮ್ಮಿಗೂ ಮೊದಲೇ ತಿರುಗಿ ಎರಡು ಕೋನು ಬೀಳಿಸಿತು. ಪಕ್ಕದಲ್ಲಿ ನಿಂತಿದ್ದ ಹುಡುಗರು, ಲೇಡೀಸ್ ಕಣೋ ಮಗಾ, ಬಿಡು ಎಂದು ನಕ್ಕರು. ನಾನು ಅವರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬೇರೆ ಪಂದ್ಯವಾಗುತ್ತಿತ್ತು.

ಎರಡನೇ ಸಲ ಹೊರಟಳು. ನಾನು ಹಗ್ಗ ಹಿಡಿದುಕೊಂಡು ಡ್ರಮ್ಮಿಗೆ ಎದುರಾಗಿ ನಿಂತೆ. ಕೋನುಗಳ ನಡುವೆ ಹಾವು ಹರಿದ ಹಾಗೆ ಬಂದಳು. ಒಂದೂ ಅಲುಗಲಿಲ್ಲ. ಡ್ರಮ್ಮಿನ ಕಡೆ ಕಾರು ಹಾರಿಕೊಂಡು ಬಂತು. ನನ್ನ ಎದೆ ಯಾವ ಜಾಗದಲ್ಲಿ ಝಲ್ಲೆಂದಿತೋ ಆ ಜಾಗದಲ್ಲಿ ಬಾಯಿ ತಾನಾಗಿ ಅಯ್ಯೋ ಶಿವನೇ ಎಂದಿತು. ಬಯಲಿಗೆಲ್ಲ ಕೇಳಿರಬೇಕು. ಅದೇ ಹೊತ್ತಿಗೆ ಕಾರು ತಿರುಗಿತು. ಡ್ರಮ್ಮಿಗೂ ಬಂಪರಿಗೂ ನಡುವೆ ಒಂದು ಕೋಳಿ ನಡೆದುಹೋಗುವಷ್ಟು ಜಾಗ. ಆಮೇಲೆ ಧೂಳು, ಧೂಳಿನೊಳಗಿಂದ ನಿಮ್ಮ ಬಿಳೀ ಝೆನ್ ಕಾರು, ನರಸಿಂಹಯ್ಯನವರ ಟ್ರ್ಯಾಕ್ಟರಿನ ಸದ್ದು ಮಾಡುತ್ತಾ ಮನೆ ಕಂಡ ದನದ ಹಾಗೆ ಓಡಿ ಬಂತು. ನಕ್ಕ ಹುಡುಗರೇ ಮೊದಲು ಶಿಳ್ಳೆ ಹಾಕಿದರು. ಅವರಲ್ಲೊಬ್ಬ ನನಗೆ ಕುರ್ಚಿ ತಂದು, “ಆಂಟೀ, ಕೂತ್ಕೊಳ್ಳಿ, ನೀವು ಬಿದ್ಹೋಗ್ತೀರ” ಎಂದ.

ಅಷ್ಟು ದೂರಕ್ಕೆ ನನ್ನ ಕೂಗು ಕೇಳಿಸಿತೇನೇ ಎಂದು ಆಮೇಲೆ ಅವಳನ್ನು ಕೇಳಿದೆ. “ಹೆಲ್ಮೆಟ್ ಒಳಗೆ ಏನು ಕೇಳುತ್ತೆ?” ಎಂದಳು. “ನೀನು ಎಲ್ಲಿ ಕೂಗ್ತೀಯ ಅಂತ ನಂಗೆ ಗೊತ್ತಲ್ಲ. ನಾನೇ ಕೂಗಿದೆ.”

ಗೆದ್ದವರ ಹೆಸರನ್ನು ಮೈಕಿನಲ್ಲಿ ಕರೆದರು. ಅವಳು ಕಾರಿನ ಬಾಗಿಲ ಮೇಲೆ ರಕ್ಷಿತಾ ಕೊಟ್ರಪ್ಪ ಎಂದು ಬರೆಸಿದ್ದಾಳೆ. ನಾನೇನೂ ಹೇಳಿಕೊಟ್ಟದ್ದಲ್ಲ. ಯುಗಾದಿಗೆ ಹೆಣ್ಣು ನೋಡಲು ಬಂದವರ ಮುಂದೆ ಈ ಮದುವೆ ಆಗುವುದಿಲ್ಲ ಎಂದ ಹುಡುಗಿ, ಅಪ್ಪನ ಮರ್ಯಾದೆ ಕಳೆದಳು ಎಂದು ನೀವು ಮನೆ ಬಿಟ್ಟಿರಿ. ಆ ಹುಡುಗಿಯೇ ನಾನು ಬಾಯಲ್ಲಿ ಹೇಳದ ನಿಮ್ಮ ಹೆಸರನ್ನು ವೈಟ್‌ಫೀಲ್ಡಿನ ಬಯಲಿನಲ್ಲಿ ಅಷ್ಟು ಜನರ ಎದುರು ಮೈಕಿನಲ್ಲಿ ಹೇಳಿಸಿದಳು. ಎರಡು ಸಲ ಹೇಳಿದರು. ಎರಡನೇ ಸಲ ಚಪ್ಪಾಳೆಯಲ್ಲಿ ಕೇಳಿಸಲಿಲ್ಲ.

ಕಪ್ಪು ಟಿವಿಯ ಮೇಲಿದೆ. ಬೀಳುತ್ತದೇನೋ ಎಂದು ಹಿಂದೆ ನಿಘಂಟು ಆನಿಸಿದ್ದೇನೆ. ಬಸವಣ್ಣ ಮತ್ತೆ ತನ್ನ ಜಾಗಕ್ಕೆ ಹೋದ.

ಬಂದು ನೋಡಿ. ನೋಡಿಯೂ ಒಯ್ಯಲೇಬೇಕು ಅನಿಸಿದರೆ ಕಾಗದಪತ್ರ ನಿಮ್ಮ ಹೆಸರಿನಲ್ಲಿವೆ, ನಾನು ಅಡ್ಡ ನಿಲ್ಲಲು ಬರುವುದಿಲ್ಲ. ಆದರೆ ಈ ಸಲ ಯುಗಾದಿಯ ಹಾಗೆ ಸುಮ್ಮನೆ ಒಳಗೆ ಕೂತಿರುವುದೂ ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ. ಅಲ್ಲಿಯ ಧೂಳಿಗೆ ಕೆಮ್ಮು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ ದಾರಿ ನೋಡುತ್ತಿರುವ,
ಮಹಾಂತಮ್ಮ

ವಿ.ಸೂ.: ಬರುವ ದಿನ ರೈಲಿನಿಂದ ಯಶವಂತಪುರದಲ್ಲೇ ಇಳಿಯಿರಿ, ಆಟೋ ಮಾಡಬೇಡಿ. ರಕ್ಷಿತಾಗೆ ಅವತ್ತು ಬೆಳಗಿನ ಪಾಳಿ ಇದೆ. ಕಾರು ನಾನೇ ತರುತ್ತೇನೆ. ಲೈಸೆನ್ಸು ಬಂದು ತಿಂಗಳಾಯಿತು, ಪೀಣ್ಯಕ್ಕೆ ಕಾರು ಒಯ್ದು ತರುತ್ತಿದ್ದವಳು ನಾನೇ. ಎಡಗಾಲು ನೋಯುವುದೂ ನನ್ನದೇ. ಹಿಂದೆ ಸೀಟಿಲ್ಲ, ಆದ್ದರಿಂದ ನೀವು ಮುಂದೆ ನನ್ನ ಪಕ್ಕದಲ್ಲೇ ಕೂರಬೇಕಾಗುತ್ತದೆ. ಬ್ಯಾಗು ತೊಡೆಯ ಮೇಲೆ ಇಟ್ಟುಕೊಳ್ಳಿ. ಏನೇ ಅಡ್ಡ ಬಂದರೂ ಹ್ಯಾಂಡ್‌ಬ್ರೇಕ್ ಮಾತ್ರ ಮುಟ್ಟಬೇಡಿ.