ಟವೆಲ್ ಹಾಕಿದ ಕುರ್ಚಿ

ಅಪ್ಪಾ,

ನೀನು ತೀರಿಹೋದ ಮೇಲೆ ಮೊದಲ ಸಲ ಇಂದು ಜೇವರ್ಗಿಯ ಸ್ಟೇಜಿನಲ್ಲಿ ಕಾಮಿಡಿ ಮಾಡಿದೆ. "ಮೊದಲ ನಮ್ಮ ಮನೀದ ಹೇಳು. ಮಂದಿ ನಗಾಕತ್ತಾಗ ನೀ ಸುಮ್ಮ ನಿಂದ್ರು" ಎನ್ನುತ್ತಿದ್ದೆಯಲ್ಲ, ಹಾಗೇ ಮಾಡಿದೆ. ಸೀಟು ಹಿಡಿಯಲು ನೀನು ನೆಲೋಗಿ ಬಸ್ಸಿನ ಕಿಟಕಿಯಲ್ಲಿ ಟವೆಲ್ ಎಸೆದದ್ದು, ಬಸ್ಸು ನಿನ್ನನ್ನು ಬಿಟ್ಟು ಟವೆಲನ್ನಷ್ಟೇ ಕರೆದೊಯ್ದದ್ದು ಹೇಳಿದೆ. ಮಂದಿ ಬಿದ್ದುಬಿದ್ದು ನಕ್ಕರು. ನಾನು ಸುಮ್ಮನೆ ನಿಂತೆ.

ಆಗಲೇ ತಡವಾಗಿ ಬಂದ ಅಜ್ಜನೊಬ್ಬ, ಮುಂದಿನ ಸಾಲಿನಲ್ಲಿ ಟವೆಲ್ ಹಾಕಿಟ್ಟಿದ್ದ ಕುರ್ಚಿ ತೋರಿಸಿ, "ಇಲ್ಲಿ ಯಾರರೆ ಬರಾವ್ರು ಅದಾರೇನವಾ?" ಎಂದು ನನ್ನನ್ನೇ ಕೇಳಿದ.

ಅದು ನಿನ್ನ ಟವೆಲ್. ನಿನಗಾಗಿ ನಾನು ಸೀಟು ಹಿಡಿದದ್ದು ಇದೇ ಮೊದಲು.

"ಹೌದ್ರಿ, ಬರ್ತಾರ್ರಿ" ಎಂದೆ.

ಟವೆಲ್ ಹಾಕಿದ ಜಾಗದಲ್ಲಿ ನಮ್ಮ ಕಡೆ ಯಾರು ಕೂಡುತ್ತಾರೆ? ಶೋ ಮುಗಿಯುವವರೆಗೂ ಅಜ್ಜ ನಿಂತೇ ಇದ್ದ.

ನಿನ್ನ ಜಗದೇವಿ